ಅಮ್ಮನ ಐಎನ್‌ಆರ್ ಮತ್ತು ಬಸ್ಸಾರು

ಅಮ್ಮನ ನಾಡಿ ನಿಮಿಷಕ್ಕೆ 140 ಇತ್ತು, ಅದೂ ತಾಳ ತಪ್ಪಿ. ಇಸಿಜಿ ನೋಡಿ ಡಾಕ್ಟರು ಏಟ್ರಿಯಲ್ ಫಿಬ್ರಿಲೇಷನ್ ಅಂದರು. ಚಿಕ್ಕಂದಿನಲ್ಲಿ ಬಂದಿದ್ದ ರುಮ್ಯಾಟಿಕ್ ಜ್ವರ ಅವಳ ಹೃದಯದ ಎಡಗಡೆಯ ಮೈಟ್ರಲ್ ಕವಾಟವನ್ನು ಕಿರಿದು ಮಾಡಿತ್ತಂತೆ. ಅದರ ಮೇಲಿನ ಕೋಣೆ ಹಿಗ್ಗಿ, ಈಗ ಸರಿಯಾಗಿ ಬಡಿಯದೆ ಸುಮ್ನೆ ನಡುಗುತ್ತಿತ್ತು.

"ಒಂದು ಶಾಕ್ ಕೊಟ್ಟು ಸರಿ ಮಾಡಕ್ಕಾಗಲ್ವಾ ಸಾರ್?" ಅಣ್ಣ ಕೇಳಿದ. ಕೊಡಬಹುದು, ಆದರೆ ಯಾವಾಗಿಂದ ಹೀಗಿದೆಯೋ ಗೊತ್ತಿಲ್ಲ. ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಬಡಿತ ಸರಿಹೋದಾಗ ಅದು ಕಿತ್ತು ಮಿದುಳಿಗೆ ಹೋಗಬಹುದು. ಮೊದಲು ಕನಿಷ್ಠ 3 ವಾರ ರಕ್ತ ತೆಳು ಮಾಡುವ ಮಾತ್ರೆ ಆಗಬೇಕು, ಇಲ್ಲವೇ ಗಂಟಲಲ್ಲಿ ನಳಿಗೆ ಇಳಿಸಿ ಹೆಪ್ಪು ಇದೆಯಾ ಅಂತ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ನೋಡಬೇಕು. ಇಷ್ಟು ಮಾಡಿದರೂ ಕವಾಟ ಹಾಗೇ ಇದ್ದರೆ ತಾಳ ಮತ್ತೆ ತಪ್ಪುವುದೇ ಜಾಸ್ತಿ. ಹಾಗಾಗಿ ಬಡಿತ ಇಳಿಸಲು ಮೆಟೊಪ್ರೊಲಾಲ್, ಹೆಪ್ಪು ತಡೆಯಲು ಅಸಿನೊಕುಮರಾಲ್ ಬರೆದರು. ಬಡಿತ ಇಳಿದ ಮೇಲೆ ಅಮ್ಮ ಉಬ್ಬಸವಿಲ್ಲದೆ ಮೆಟ್ಟಿಲು ಹತ್ತಿದಳು.

ಆಮೇಲೆ ಶುರುವಾಯಿತು ಐಎನ್‌ಆರ್ ಕಾಟ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತೆ ಅಂತ ರಕ್ತಪರೀಕ್ಷೆಯಲ್ಲಿ ತೋರಿಸುವ ಅಂಕಿ ಅದು; 2ರಿಂದ 3ರೊಳಗೆ ಇರಬೇಕು. ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ. ಪಕ್ಕದ ಮನೆಯವರು ಇದೇ ಕಾಯಿಲೆಗೆ ಈ ಪರೀಕ್ಷೆಯೇ ಬೇಡದ ಹೊಸ ಮಾತ್ರೆ ತಗೊಳ್ತಾರೆ. ಅಮ್ಮನಿಗೆ ಹೊಟ್ಟೆಯುರಿ. ಕೇಳಿದ್ದಕ್ಕೆ ಡಾಕ್ಟರು, ಅವರ ಕವಾಟ ಚೆನ್ನಾಗಿದೆ, ನಿಮ್ಮದು ಕಿರಿದಾಗಿದೆ ಅಂದರು. ರುಮ್ಯಾಟಿಕ್ ಹೃದ್ರೋಗಿಗಳ ಮೇಲೇ ನಡೆದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನದಲ್ಲಿ ಹೊಸ ರಿವರೊಕ್ಸಬಾನ್‌ಗಿಂತ ಅಮ್ಮನ ಮಾತ್ರೆಯಂಥ ಹಳೇ ಥರದ ಮಾತ್ರೆಯೇ ಮೇಲಾಗಿತ್ತು.

ನೆಂಟರೆಲ್ಲ ಸೊಪ್ಪು ಪೂರ್ತಿ ಬಿಡಿಸಿ ಅಂದರು. ಮಂಡ್ಯದ ಹೆಂಗಸು ಬಸ್ಸಾರು ಬಿಟ್ಟು ಬದುಕೋದುಂಟಾ? ಡಾಕ್ಟರು ಬಿಡಿ ಅನ್ನಲೇ ಇಲ್ಲ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಬಲ ಕುಗ್ಗಿಸುತ್ತೆ, ನಿಜ. ಆದರೆ ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿಂದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು. ನನಗಂತೂ ಆ ದಿನದ ಅತಿ ಉಪಯೋಗದ ಮಾತು ಇದೇ. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದನ್ನು ಮಾತ್ರ ಖಡಾಖಂಡಿತವಾಗಿ ನಿಲ್ಲಿಸಿದರು. ಐಎನ್‌ಆರ್ ಸರಿಯಿದ್ದರೂ ಅದರಿಂದ ಹೊಟ್ಟೆಯಲ್ಲಿ ರಕ್ತ ಹೋಗಬಹುದಂತೆ.

ಒಮ್ಮೆ ಊರಿಗೆ ಹೋದಾಗ ಅತ್ತೆ ಪ್ರೀತಿಯಿಂದ ದಿನಾ ಸೊಪ್ಪೇ ಬಡಿಸಿ, ಐಎನ್‌ಆರ್ 1.6ಕ್ಕೆ ಇಳಿದಿತ್ತು. ಮುಂದಿನ ಸಲ ಹೊರಡೋ ಮೊದಲೇ ಅಮ್ಮ ಫೋನ್ ಮಾಡಿದಳು: "ಅತ್ತಿಗೆ, ಸೊಪ್ಪು ಕುಯ್ಕೊಂಡು ಕೂತ್ಕೋಬೇಡಿ, ಕೋಳಿ ಕುಯ್ರಿ."