ನೇಪಾಳಕ್ಕೆ ಬಂದ ನೆರವಿನ ಜಾಡು: ಪ್ರಗತಿ ದಾಖಲೆ, ಮೂರನೆಯ ಕಂತು

ನೇಪಾಳದ ಪ್ರಜನನ ಆರೋಗ್ಯಕ್ಕೂ ಲಿಂಗ ಸಮಾನತೆಗೂ ಹೊರದೇಶಗಳಿಂದ ಬಂದ ನೆರವನ್ನು ವರ್ಷವಾರು ಒಂದೇ ಕೋಷ್ಟಕದಲ್ಲಿ ಜೋಡಿಸಬೇಕೆಂದು ಬಿಡುವಿನ ವೇಳೆಯಲ್ಲಿ ಕೈಗೆತ್ತಿಕೊಂಡ ಈ ಕೆಲಸ, ಹಿಂದಿನ ಕಂತನ್ನು ಬರೆದ ಮೇಲೆ ಸಾಕಷ್ಟು ಮುಂದುವರಿದಿದೆ. ಒಂದು ಕಡೆ ಹಣ, ಇನ್ನೊಂದು ಕಡೆ ಫಲಿತಾಂಶ ಎಂಬ ಎರಡೇ ಕಾಲಂಗಳಿಂದ ಆರಂಭವಾದ ಕೋಷ್ಟಕಕ್ಕೆ ಈಗ ಮೂರನೆಯದೊಂದು ಸೇರಿದೆ. ಪ್ರತಿ ಕಾರ್ಯಕ್ರಮದ ಹೊಣೆ ಕೊನೆಗೆ ಯಾರ ಕೈಗೆ ಬಂತು, ಅದು ನೇಪಾಳದ ಕಾನೂನಿನಲ್ಲೋ ಬಜೆಟ್ಟಿನಲ್ಲೋ ನೆಲೆಯೂರಿತೇ ಎಂಬುದನ್ನು ಅಲ್ಲಿ ದಾಖಲಿಸುತ್ತಿದ್ದೇನೆ. ಇಡೀ ಕೋಷ್ಟಕದಲ್ಲಿ ಹೆಚ್ಚು ಮಾತನಾಡುವ ಕಾಲಂ ಇದೇ ಎಂದು ನನಗೆ ದಿನೇ ದಿನೇ ಮನವರಿಕೆಯಾಗುತ್ತಿದೆ.

ಹಣದ ಕಾಲಂ ಬಹುಮಟ್ಟಿಗೆ ತುಂಬಿದೆ. ಇದಕ್ಕೆ ಆಧಾರ, ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಪ್ರಕಟಿಸುವ ದಾನಿ ರಾಷ್ಟ್ರಗಳ ದತ್ತಾಂಶ. ಅದರಲ್ಲಿ ಪ್ರತಿ ಯೋಜನೆಗೂ ಒಂದು ಸಾಲು ಇರುತ್ತದೆ; ಕೊಟ್ಟವರು ಯಾರು, ಯಾವ ಸಂಸ್ಥೆಯ ಮೂಲಕ ಹರಿಯಿತು, ಕೊಡುತ್ತೇವೆಂದ ಮೊತ್ತವೆಷ್ಟು, ನಿಜವಾಗಿ ಬಿಡುಗಡೆಯಾದದ್ದೆಷ್ಟು ಎಂಬ ವಿವರಗಳ ಜೊತೆಗೆ ಉದ್ದೇಶದ ಸಂಕೇತವೂ ಇರುತ್ತದೆ. ಪ್ರಜನನ ಆರೋಗ್ಯ ಸೇವೆಗೆ 13020, ಕುಟುಂಬ ಯೋಜನೆಗೆ 13030, ಮಹಿಳಾ ಹಕ್ಕುಗಳ ಸಂಘಟನೆಗಳಿಗೆ 15170, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಗೆ 15180. ನಾನು ಬಿಡುಗಡೆಯಾದ ಮೊತ್ತವನ್ನಷ್ಟೇ ಎಣಿಕೆಗೆ ತೆಗೆದುಕೊಂಡಿದ್ದೇನೆ. ದಾನಿಗಳ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ ನಡೆದರೆ ನೇಪಾಳದ ಹಣಕಾಸು ವರ್ಷ ಜುಲೈ ಮಧ್ಯದಲ್ಲಿ, ಶ್ರಾವಣದ ಮೊದಲ ದಿನ ಆರಂಭವಾಗುತ್ತದೆ. ಆದ್ದರಿಂದ ಎರಡೂ ವರ್ಷಗಳನ್ನು ಅಕ್ಕಪಕ್ಕದಲ್ಲೇ ಇಟ್ಟು, ಒಂದನ್ನು ಇನ್ನೊಂದಕ್ಕೆ ಬಲವಂತವಾಗಿ ಹೊಂದಿಸದೆ ಬಿಟ್ಟಿದ್ದೇನೆ.

ಇದೇ ದತ್ತಾಂಶದಲ್ಲಿ ಲಿಂಗ ಸಮಾನತೆಯನ್ನು ಸೂಚಿಸುವ ಗುರುತೊಂದಿದೆ. ಸಮಾನತೆಯೇ ಯೋಜನೆಯ ಮುಖ್ಯ ಗುರಿಯಾಗಿದ್ದರೆ 2, ಗಣನೀಯವಾದರೂ ಮುಖ್ಯವಲ್ಲದ ಗುರಿಯಾಗಿದ್ದರೆ 1, ಪರಿಶೀಲಿಸಿದ ಮೇಲೂ ಆ ಗುರಿ ಕಾಣದಿದ್ದರೆ 0. ತೊಡಕಿರುವುದು 1ರಲ್ಲಿ. ದೊಡ್ಡದೊಂದು ರಸ್ತೆ ಯೋಜನೆಯಲ್ಲಿ ಮಹಿಳಾ ಕಾರ್ಮಿಕರಿಗೆ ಸಂಬಂಧಿಸಿದ ಒಂದು ಅಂಶವಿದ್ದರೂ ಅದಕ್ಕೆ ಈ ಗುರುತು ಬೀಳಬಹುದು, ಆಗ ರಸ್ತೆಯ ಇಡೀ ಮೊತ್ತ ಲಿಂಗ ಸಮಾನತೆಯ ನೆರವಿನ ಮೊತ್ತಕ್ಕೆ ಸೇರುತ್ತದೆ. ದೌರ್ಜನ್ಯಕ್ಕೊಳಗಾದ ಹೆಂಗಸಿಗೆ ಆಶ್ರಯ ಕೊಡುವ ಸಣ್ಣ ಸಂಸ್ಥೆಗೆ ಬಂದ ಹಣ ಆ ರಾಶಿಯ ನಡುವೆ ಕಾಣುವುದೇ ಇಲ್ಲ. ಹಾಗಾಗಿ 2ನ್ನು ಮಾತ್ರ ನನ್ನ ಮೊತ್ತಕ್ಕೆ ಸೇರಿಸಿ 1ನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಮೊತ್ತ ಚಿಕ್ಕದಾಗಿ ಕಾಣುತ್ತದೆ, ಆದರೆ ಅದು ಏನನ್ನು ಹೇಳುತ್ತಿದೆಯೆಂಬುದು ಸ್ಪಷ್ಟವಾಗಿದೆ.

ಫಲಿತಾಂಶದ ಕಾಲಂಗೆ ನೇಪಾಳದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳೇ ಬೆನ್ನೆಲುಬು. ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರಗಳಲ್ಲಿ ಆಗುವ ಹೆರಿಗೆಗಳ ಪಾಲು 1996ರಲ್ಲಿ ಶೇ. 8, 2006ರಲ್ಲಿ ಶೇ. 18, 2011ರಲ್ಲಿ ಶೇ. 35, 2016ರಲ್ಲಿ ಶೇ. 57, 2022ರಲ್ಲಿ ಶೇ. 79. ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 1996ರ ಸಮೀಕ್ಷೆಯಲ್ಲಿ 539 ಇದ್ದದ್ದು 2016ರ ಸಮೀಕ್ಷೆಯಲ್ಲಿ 239 ಆಯಿತು. 2021ರ ಜನಗಣತಿಯ ಆಧಾರದ ಲೆಕ್ಕ 151 ಎನ್ನುತ್ತದೆ. ಜನಗಣತಿಯ ವಿಧಾನವೇ ಬೇರೆಯಾದ್ದರಿಂದ ಈ ಕೊನೆಯ ಸಂಖ್ಯೆಯನ್ನು ಒಂದೇ ಗೆರೆಯಲ್ಲಿ ಸೇರಿಸದೆ ಪ್ರತ್ಯೇಕ ಬಿಂದುವಾಗಿ ಗುರುತಿಸಿದ್ದೇನೆ. ಇಂಥ ಸಮೀಕ್ಷೆಗಳನ್ನು ಹಲವು ದೇಶಗಳಲ್ಲಿ ನಡೆಸಲು ಹಣ ಕೊಡುತ್ತಿದ್ದದ್ದು ಅಮೆರಿಕ ಸರ್ಕಾರದ ನೆರವು ಸಂಸ್ಥೆಯಾದ ಯುಎಸ್‌ಏಡ್ ಎಂಬುದನ್ನು ಇಲ್ಲಿ ಹೇಳಲೇಬೇಕು. 2025ರ ಫೆಬ್ರುವರಿಯಲ್ಲಿ ಆ ಸಮೀಕ್ಷಾ ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. ನೆರವಿನ ಫಲವನ್ನು ಅಳೆಯುವ ಅಳತೆಗೋಲು ಕೂಡ ನೆರವಿನಿಂದಲೇ ಬಂದಿತ್ತು.

ಮೂರನೆಯ ಕಾಲಂನಲ್ಲಿ ಅತ್ಯಂತ ತೃಪ್ತಿ ಕೊಟ್ಟ ನಮೂದು ಹೆರಿಗೆ ಪ್ರೋತ್ಸಾಹಧನದ್ದು. ಬ್ರಿಟನ್ನಿನ ಅಂದಿನ ನೆರವು ಇಲಾಖೆಯಾದ ಡಿಎಫ್‌ಐಡಿಯ ಬೆಂಬಲದೊಂದಿಗೆ 2005ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಆರೋಗ್ಯ ಕೇಂದ್ರಕ್ಕೆ ಬಂದು ಹೆರಿಗೆ ಮಾಡಿಸಿಕೊಂಡ ತಾಯಿಗೆ ದಕ್ಷಿಣದ ಬಯಲುಸೀಮೆಯಾದ ತರಾಯಿಯಲ್ಲಿ 500, ಗುಡ್ಡಗಾಡಿನಲ್ಲಿ 1000, ಹಿಮಾಲಯದ ಜಿಲ್ಲೆಗಳಲ್ಲಿ 1500 ನೇಪಾಳಿ ರೂಪಾಯಿ ಕೊಡುತ್ತಿದ್ದರು. ದಾರಿ ದುರ್ಗಮವಾದಷ್ಟೂ ಮೊತ್ತ ಹೆಚ್ಚು, ಏಕೆಂದರೆ ಬಡ ಮನೆಯವರನ್ನು ತಡೆಯುತ್ತಿದ್ದದ್ದು ಆಸ್ಪತ್ರೆಯ ಶುಲ್ಕ ಮಾತ್ರವಲ್ಲ, ಬಸುರಿಯನ್ನು ಹೊತ್ತು ತರುವ ಖರ್ಚೂ ಆಗಿತ್ತು. ಮೊದಲಿಗೆ ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರಿಗೆ ಹಣವಿಲ್ಲ ಎಂಬ ನಿಬಂಧನೆ ಇತ್ತು. ಹೆಚ್ಚು ಹೆತ್ತ ಬಡ ತಾಯಿಗೇ ಅಪಾಯ ಹೆಚ್ಚಾಗಿರುವಾಗ ಅದು ಅನ್ಯಾಯವೇ ಆಗಿತ್ತು, ನಂತರ ಅದನ್ನು ಕೈಬಿಟ್ಟದ್ದು ಸರಿಯಾಯಿತು. 2009ರ ಜನವರಿಯಲ್ಲಿ ‘ಆಮಾ’ (ತಾಯಿ) ಎಂಬ ಹೆಸರಿನಲ್ಲಿ ಹೆರಿಗೆ ದೇಶದಾದ್ಯಂತ ಉಚಿತವಾಯಿತು. ತಾಯಿಯ ಕೈಗೆ ಹಣ ಹೋಗುವುದರ ಜೊತೆಗೆ ಆರೋಗ್ಯ ಸಂಸ್ಥೆಗೂ ಪ್ರತಿ ಹೆರಿಗೆಗೆ ನಿಗದಿತ ಮೊತ್ತ ಸಿಗುವ ವ್ಯವಸ್ಥೆ ಬಂತು: ಸಣ್ಣ ಕೇಂದ್ರದಲ್ಲಿ ಸಹಜ ಹೆರಿಗೆಗೆ 1000, ತೊಡಕಿನ ಹೆರಿಗೆಗೆ 3000, ಸಿಸೇರಿಯನ್‌ಗೆ 7000 ರೂಪಾಯಿ. ದಾನಿಗಳ ಹಣ ನೇಪಾಳದ ಬಜೆಟ್ ಪುಸ್ತಕದೊಳಗೆ, ಅಲ್ಲಿನವರು ‘ರಾತೋ ಕಿತಾಬ್’ ಎನ್ನುವ ಕೆಂಪು ಪುಸ್ತಕದೊಳಗೆ ಹಾದು ಬಂದದ್ದರಿಂದ ಕಾರ್ಯಕ್ರಮ ಸರ್ಕಾರದ್ದೇ ಆಗಿ ಬೆಳೆಯಿತು. ಮುಂದೆ ತಾಯಂದಿರಿಗೆ ಕೊಡುವ ಮೊತ್ತವನ್ನು ದುಪ್ಪಟ್ಟು ಮಾಡಲಾಯಿತು.

ಗರ್ಭನಿರೋಧಕಗಳ ನಮೂದು ಇದಕ್ಕೆ ವ್ಯತಿರಿಕ್ತವಾಗಿದೆ. ಆಧುನಿಕ ವಿಧಾನಗಳನ್ನು ಬಳಸುವ ವಿವಾಹಿತ ಮಹಿಳೆಯರ ಪಾಲು 2006ರಲ್ಲಿ ಶೇ. 44 ಇತ್ತು, 2011, 2016, 2022ರ ಮೂರೂ ಸಮೀಕ್ಷೆಗಳಲ್ಲಿ ಶೇ. 43ರಲ್ಲೇ ನಿಂತಿದೆ. ಆದರೂ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 3.1ರಿಂದ 2.1ಕ್ಕೆ ಇಳಿದಿದೆ. ಮಲೇಷ್ಯಾ, ಕತಾರ್, ಸೌದಿ ಅರೇಬಿಯಾಗಳಿಗೆ ದುಡಿಯಲು ಹೋದ ಗಂಡಂದಿರು ವರ್ಷಗಟ್ಟಲೆ ಮನೆಯಿಂದ ದೂರವಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಜನನ ಪ್ರಮಾಣದ ಇಳಿಕೆಯನ್ನು ಕುಟುಂಬ ಯೋಜನೆಯ ನೆರವಿನ ಯಶಸ್ಸೆಂದು ಬರೆಯುವ ವರದಿಗಳನ್ನು ಈ ಕಾರಣಕ್ಕಾಗಿಯೇ ನಾನು ಕೋಷ್ಟಕಕ್ಕೆ ಹಾಗೆಯೇ ಇಳಿಸಿಕೊಳ್ಳುತ್ತಿಲ್ಲ. ಸದ್ಯಕ್ಕೋ ಮುಂದೆಂದೂ ಮಗು ಬೇಡವೆಂದಿದ್ದರೂ ಗರ್ಭನಿರೋಧಕ ಬಳಸದೆ ಉಳಿದ ವಿವಾಹಿತ ಮಹಿಳೆಯರು 2022ರಲ್ಲೂ ಶೇ. 21ರಷ್ಟಿದ್ದರು. ವಂಕಿ (ಗರ್ಭಕೋಶದಲ್ಲಿ ಇಡುವ ಸಾಧನ), ಇಂಪ್ಲಾಂಟ್ (ತೋಳಿನ ಚರ್ಮದಡಿ ಇಡುವ ಕಡ್ಡಿ), ಚುಚ್ಚುಮದ್ದುಗಳ ಪೂರೈಕೆ ಬಹುಕಾಲ ದಾನಿಗಳನ್ನು ನೆಚ್ಚಿಕೊಂಡಿತ್ತು, ಅವರ ನಿರ್ಧಾರಗಳಾದರೋ ದೂರದ ರಾಜಧಾನಿಗಳಲ್ಲಿ ಆಗುತ್ತವೆ. 2021ರಲ್ಲಿ ಬ್ರಿಟನ್ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಗರ್ಭನಿರೋಧಕ ಪೂರೈಕೆ ಕಾರ್ಯಕ್ರಮಕ್ಕೆ ಕೊಡಬೇಕಿದ್ದ ಹಣವನ್ನು ಸುಮಾರು ಶೇ. 85ರಷ್ಟು ಕಡಿತಗೊಳಿಸಿತು.

ಗರ್ಭಪಾತದ ವಿಷಯದಲ್ಲಿ ಈ ಅವಲಂಬನೆಯ ಬೆಲೆ ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. 2002ರವರೆಗೆ ನೇಪಾಳದಲ್ಲಿ ಗರ್ಭಪಾತ ಮಾಡಿಸಿಕೊಂಡ ಹೆಂಗಸರು ಜೈಲಿಗೆ ಹೋಗುತ್ತಿದ್ದರು. ಆ ಕಾನೂನನ್ನು ಬದಲಿಸುವ ಚರ್ಚೆ ಕಾವೇರಿದ್ದ 2001ರ ಜನವರಿಯಲ್ಲೇ ಅಮೆರಿಕ, 1984ರಲ್ಲಿ ಮೊದಲು ಘೋಷಿಸಿದ್ದ ಮೆಕ್ಸಿಕೋ ಸಿಟಿ ನೀತಿಯನ್ನು ಮತ್ತೆ ಜಾರಿಗೆ ತಂದಿತು. ಗರ್ಭಪಾತದ ಸೇವೆ ಕೊಡುವ ಅಥವಾ ಅದರ ಪರವಾಗಿ ಮಾತನಾಡುವ ವಿದೇಶಿ ಸಂಸ್ಥೆಗೆ ಅಮೆರಿಕದ ಕುಟುಂಬ ಯೋಜನೆಯ ಹಣವಿಲ್ಲ ಎಂಬುದು ಅದರ ಸಾರ. 1959ರಲ್ಲಿ ಸ್ಥಾಪನೆಯಾದ ನೇಪಾಳ ಕುಟುಂಬ ಯೋಜನಾ ಸಂಘ ಆ ಷರತ್ತಿಗೆ ಸಹಿ ಹಾಕಲು ಒಪ್ಪದೆ ಯುಎಸ್‌ಏಡ್ ಹಣವನ್ನು ಕಳೆದುಕೊಂಡಿತು. ತನ್ನ ದೇಶದ ಕಾನೂನಿನ ಬಗ್ಗೆ ತನ್ನ ಜನರೊಡನೆ ಮಾತನಾಡುವ ಹಕ್ಕನ್ನು ಬಿಟ್ಟುಕೊಡದ ಆ ನಿರ್ಧಾರದ ಬಗ್ಗೆ ನನಗೆ ಅಪಾರ ಗೌರವವಿದೆ. ಮರುವರ್ಷ ಕಾನೂನು ತಿದ್ದುಪಡಿಯಾಯಿತು, 2004ರಲ್ಲಿ ಕಠ್ಮಂಡುವಿನ ಹೆರಿಗೆ ಆಸ್ಪತ್ರೆಯಲ್ಲಿ ಕಾನೂನುಬದ್ಧ ಸೇವೆ ಆರಂಭವಾಯಿತು. ಶುಲ್ಕ ಕಟ್ಟಲಾಗದೆ ಸೇವೆಯಿಂದ ವಂಚಿತಳಾದ ಬಡ ಮಹಿಳೆಯೊಬ್ಬಳ ಪ್ರಕರಣದಲ್ಲಿ, ಹಣವಿಲ್ಲದ ಕಾರಣಕ್ಕೆ ಈ ಹಕ್ಕು ತಪ್ಪಬಾರದೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರ ಸುರಕ್ಷಿತ ತಾಯ್ತನ ಮತ್ತು ಪ್ರಜನನ ಆರೋಗ್ಯ ಹಕ್ಕು ಕಾಯ್ದೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ವಾಷಿಂಗ್ಟನ್ನಿನ ನೀತಿ 2009ರಲ್ಲಿ ರದ್ದಾಗಿ, 2017ರಲ್ಲಿ ಮರಳಿ, 2021ರಲ್ಲಿ ಮತ್ತೆ ರದ್ದಾಗಿ, 2025ರಲ್ಲಿ ಪುನಃ ಜಾರಿಗೆ ಬಂದಿದೆ. ನೇಪಾಳದ ಕಾನೂನು ಮಾತ್ರ ನಿಂತ ಜಾಗದಲ್ಲೇ ಗಟ್ಟಿಯಾಗಿದೆ.

ಯಾವ ಕಾಲಂಗೂ ಸರಿಯಾಗಿ ಹೊಂದದ ಒಂದು ಗುಂಪಿದೆ. 1988ರಲ್ಲಿ ಆರಂಭವಾದ ಮಹಿಳಾ ಸಮುದಾಯ ಆರೋಗ್ಯ ಸ್ವಯಂಸೇವಿಕೆಯರು ಇಂದು ಸುಮಾರು 50 ಸಾವಿರ ಮಂದಿ. ಗರ್ಭನಿರೋಧಕ ಮಾತ್ರೆ, ಕಾಂಡೋಮ್, ಬಸುರಿಯರಿಗೆ ಕಬ್ಬಿಣಾಂಶದ ಗುಳಿಗೆ ಹಂಚುವವರು ಇವರೇ. ಬಾಂಕೆ ಜಿಲ್ಲೆಯಲ್ಲಿ 2005ರಿಂದ ಪ್ರಾಯೋಗಿಕವಾಗಿ ನಡೆದ ಕಾರ್ಯಕ್ರಮದಲ್ಲಿ, ಮನೆಯಲ್ಲೇ ಹೆರಿಗೆಯಾಗುವ ಸಂಭವವಿರುವ ಬಸುರಿಗೆ ತುಂಬು ತಿಂಗಳಿಗೆ ಮೊದಲೇ ಮೂರು ಮಿಸೊಪ್ರೊಸ್ಟಾಲ್ ಮಾತ್ರೆಗಳನ್ನು ತಲುಪಿಸಿ, ಮಗು ಹುಟ್ಟಿದ ಕೂಡಲೇ, ಮಾಸು ಬೀಳುವ ಮೊದಲೇ ನುಂಗಬೇಕೆಂದು ತಿಳಿಸಿ ಹೇಳುತ್ತಿದ್ದವರೂ ಇವರೇ. ಹೆರಿಗೆಯ ನಂತರದ ರಕ್ತಸ್ರಾವದಿಂದ ಜೀವ ಉಳಿಸುವ ಆ ಮೂರು ಮಾತ್ರೆಗಳ ಬೆಲೆ, ಸಾಗಾಟ, ತರಬೇತಿ ಎಲ್ಲವೂ ದಾನಿಗಳ ಲೆಕ್ಕದಲ್ಲಿ ಸಿಗುತ್ತವೆ. ಅವನ್ನು ಮನೆಗೆ ಕೊಂಡೊಯ್ದವಳ ದುಡಿಮೆಗೆ ಅಲ್ಲಿ ಸಾಲೇ ಇಲ್ಲ, ಏಕೆಂದರೆ ಅವಳಿಗೆ ಸಂಬಳವಿಲ್ಲ. ಸಮವಸ್ತ್ರಕ್ಕೆ, ಸಭೆ ಮತ್ತು ತರಬೇತಿಗೆ ಸಿಗುವ ಭತ್ಯೆಗಳಷ್ಟೇ. ಲಿಂಗ ಸಮಾನತೆಯ ನೆರವು ಹೆಂಗಸರ ಸಂಬಳವಿಲ್ಲದ ಕೆಲಸದ ಮೇಲೆ ಇಷ್ಟು ವರ್ಷ ನಿಂತಿರುವುದು ನನ್ನನ್ನು ತೀವ್ರವಾಗಿ ಕಾಡುತ್ತದೆ. ಖಾಲಿಯಾದರೂ ಸರಿ, ಅವರಿಗಾಗಿ ಒಂದು ಕಾಲಂ ಇಟ್ಟಿದ್ದೇನೆ.

ಲಿಂಗ ಸಮಾನತೆಯ ಹಾಳೆಯಲ್ಲಿ ಕೆಲಸ ಇನ್ನೂ ಅರ್ಧಕ್ಕೆ ಬಂದಿದೆ. ಮಹಿಳೆಯರ ಹಕ್ಕುಗಳನ್ನು ಹೇಳುವ ಸಂವಿಧಾನದ 38ನೇ ವಿಧಿ, ಸರ್ಕಾರದ ಖರ್ಚು ಮಹಿಳೆಯರಿಗೆ ಎಷ್ಟು ನೆರವಾಗುತ್ತದೆಂದು ಗುರುತಿಸುವ, 2007-08ರಲ್ಲಿ ಬಂದ ಲಿಂಗ ಸ್ಪಂದನಶೀಲ ಬಜೆಟ್, ಮುಟ್ಟಾದವರನ್ನು ಗುಡಿಸಲಿಗೆ ಅಟ್ಟುವ ಛೌಪಡಿಯನ್ನು ಅಪರಾಧವೆಂದು ಸಾರಿ 2018ರ ಆಗಸ್ಟ್‌ನಿಂದ ಜಾರಿಯಾದ ದಂಡಸಂಹಿತೆ, ಆಸ್ಪತ್ರೆಗಳಲ್ಲಿ 2011ರಿಂದ ತೆರೆದ ದೌರ್ಜನ್ಯ ಪರಿಹಾರ ಕೇಂದ್ರಗಳು ಈಗಾಗಲೇ ಸೇರಿವೆ. 2017ರ ಸ್ಥಳೀಯ ಚುನಾವಣೆಯಲ್ಲಿ ಉಪಪ್ರಮುಖರಾಗಿ, ಅಂದರೆ ಸ್ಥಳೀಯ ಸರ್ಕಾರಗಳ ಉಪಮುಖ್ಯಸ್ಥರಾಗಿ ಗೆದ್ದವರಲ್ಲಿ ಬಹುಪಾಲು ಮಹಿಳೆಯರಾಗಿದ್ದರು. ಸ್ಥಳೀಯ ನ್ಯಾಯ ಸಮಿತಿಯ ನೇತೃತ್ವವೂ ಅವರದ್ದೇ ಆದ್ದರಿಂದ ಕೌಟುಂಬಿಕ ದೂರುಗಳು ಅವರ ಮುಂದೆ ಬರುತ್ತವೆ. 2022ರಲ್ಲಿ ಮೈತ್ರಿ ಪಕ್ಷಗಳು ಮುಖ್ಯಸ್ಥ, ಉಪಮುಖ್ಯಸ್ಥ ಎಂಬ ಎರಡು ಸ್ಥಾನಗಳ ಪೈಕಿ ಒಂದೊಂದಕ್ಕೇ ಅಭ್ಯರ್ಥಿ ನಿಲ್ಲಿಸಿದ್ದರಿಂದ, ಎರಡೂ ಸ್ಥಾನಕ್ಕೆ ಸ್ಪರ್ಧಿಸುವ ಪಕ್ಷಕ್ಕಷ್ಟೇ ಅನ್ವಯಿಸುವ, ಒಬ್ಬ ಅಭ್ಯರ್ಥಿಯಾದರೂ ಮಹಿಳೆಯಾಗಿರಬೇಕೆಂಬ ನಿಯಮ ದುರ್ಬಲವಾಗಿ ಆ ಸಂಖ್ಯೆ ಇಳಿಯಿತು.

ಮುಂದಿನ ಹಂತದಲ್ಲಿ 753 ಸ್ಥಳೀಯ ಸರ್ಕಾರಗಳ ಪೈಕಿ ಬಜೆಟ್ ದಾಖಲೆ ಸಿಗುವ ಕೆಲವನ್ನು ಆಯ್ದು, 2025ರ ಜುಲೈನಲ್ಲಿ ಯುಎಸ್‌ಏಡ್ ಅಧಿಕೃತವಾಗಿ ಮುಚ್ಚಿದ ನಂತರ ಗರ್ಭನಿರೋಧಕ ಖರೀದಿಗೆ, ಸೂಲಗಿತ್ತಿ ತರಬೇತಿ ಪಡೆದ ದಾದಿಯರ ನೇಮಕಕ್ಕೆ, ಸ್ವಯಂಸೇವಿಕೆಯರ ಭತ್ಯೆಗೆ ಅವು ಸ್ವಂತ ಹಣವನ್ನು ತೆಗೆದಿರಿಸಿವೆಯೇ ಎಂದು ಪರಿಶೀಲಿಸಲಿದ್ದೇನೆ. ಮೊದಲು ಕರ್ಣಾಲಿ ಮತ್ತು ಸುದೂರಪಶ್ಚಿಮ ಪ್ರಾಂತಗಳ ಪಾಲಿಕೆಗಳನ್ನು ಎತ್ತಿಕೊಳ್ಳುತ್ತೇನೆ. ದೂರದ ಆ ಗುಡ್ಡಗಾಡಿನಲ್ಲಿ ಸರಕು ತಲುಪುವುದು ತಡವಾದರೆ ಅದನ್ನು ಮೊದಲು ಅನುಭವಿಸುವವರು ಅಲ್ಲಿನ ಹೆಂಗಸರೇ.