ಖಾಲಿ ಬಾಟಲಿ

ಇವತ್ತು ಪಾತ್ರೆ ತೊಳೆಯುತ್ತಾ ಅಮೆರಿಕದ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್ಕಾಕ್‌ನ ‘ಹೆಡ್ ಹಂಟರ್ಸ್’ ಹಾಕಿದ್ದೆ. 1973ರ ಆಲ್ಬಂ. ನಾಲ್ಕೇ ನಾಲ್ಕು ಟ್ರ್ಯಾಕ್.

ಮೊದಲನೆಯದರ ಬೇಸ್, ಅಂದರೆ ತಳದ ಆ ತಗ್ಗು ದನಿ ಇದೆಯಲ್ಲ, ಅದು ಗಿಟಾರ್ ಅಲ್ಲ ಮಾರಾಯ್ರೇ, ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ. ಹೆಸರು ಆರ್ಪ್ ಒಡಿಸ್ಸಿ. ಮದುವೆ ಊಟ ಜಾಸ್ತಿಯಾದವರ ಹಾಗೆ ದಪ್ಪಗೆ, ವಾಲಾಡಿಕೊಂಡು ಬರುತ್ತದೆ. ಬಾಣಲೆ ಉಜ್ಜುವ ಕೈ ತಾನಾಗೇ ಆ ಲಯಕ್ಕೆ ಬಿತ್ತು.

ಆದರೆ ನಾನು ಕೈ ನಿಲ್ಲಿಸಿದ್ದು ಎರಡನೆಯದಕ್ಕೆ, ‘ವಾಟರ್‌ಮೆಲನ್ ಮ್ಯಾನ್’. ಶುರುವಿನಲ್ಲೇ ಹೂ... ಹೂ... ಅಂತ ಕೊಳಲಿನಂಥ ದನಿ. ಅದು ತಂಡದ ತಾಳವಾದ್ಯಗಾರ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿ ಊದುತ್ತಿರೋದು! ಮಧ್ಯ ಆಫ್ರಿಕಾದ ಕಾಡಿನ ಜನ ಒಂದೇ ಸ್ವರದ ಪೀಪಿ ಊದುತ್ತಾ, ನಡುನಡುವೆ ತಾವೇ ಹಾಡುತ್ತಾರಲ್ಲ, ಅದರ ಅನುಕರಣೆ.

ಆಗಿನ ಕಾಲದ ಹೊಸ ಎಲೆಕ್ಟ್ರಾನಿಕ್ ಯಂತ್ರ, ಪಕ್ಕದಲ್ಲೇ ಒಂದು ಖಾಲಿ ಬಾಟಲಿ. ಎರಡಕ್ಕೂ ಒಂದೇ ಮರ್ಯಾದೆ. ನನಗೆ ಈ ಆಲ್ಬಂ ಹುಚ್ಚು ಹಿಡಿಸಿದ್ದೇ ಇದಕ್ಕೆ ಇರಬೇಕು.

ಸುಮ್ನೆ ಇರೋಕಾಗುತ್ತಾ? ತೊಳೆದಿಟ್ಟ ಎಣ್ಣೆ ಬಾಟಲಿ ತಗೊಂಡು ಊದಿದೆ. ಬರೀ ಗಾಳಿ. ಬಾಯಿ ಸ್ವಲ್ಪ ಓರೆ ಮಾಡಿದೆ. ಹೂ! ಅರ್ಧ ನೀರು ತುಂಬಿಸಿದೆ, ಸ್ವರ ಮೇಲೇರಿತು. ಮುಕ್ಕಾಲು ತುಂಬಿಸಿದೆ, ಇನ್ನೂ ಮೇಲೆ.

ನಡುಮನೆಯಿಂದ ಅಮ್ಮ: “ಯಾವ ಗೂಬೆನೋ ಅದು ಹಗಲು ಹೊತ್ತಲ್ಲಿ?”

ಬಾಣಲೆ ಇನ್ನೂ ಸಿಂಕ್‌ನಲ್ಲೇ ಇದೆ.