ಒಂದು ಬಲೆ, 32 ಮಂದಿ
ಟಿವಿಯಲ್ಲಿ ವಾಲಿಬಾಲ್ ನೋಡುತ್ತಿದ್ದಾಗ 1913ರ ಮನಿಲಾ ನೆನಪಾಯಿತು. ಅಲ್ಲಿ ನಡೆದ ಮೊದಲ ದೂರಪ್ರಾಚ್ಯ (ಪೂರ್ವ ಏಷ್ಯಾ ಭಾಗದ ದೇಶಗಳ) ಕ್ರೀಡಾಕೂಟದಲ್ಲೇ ಈ ಆಟಕ್ಕೆ ಜಾಗ ಸಿಕ್ಕಿತ್ತು. ಒಲಿಂಪಿಕ್ಸ್ ಅಂಗಳ ಮುಟ್ಟಲು ಇನ್ನೂ 51 ವರ್ಷ ಬೇಕಾಯಿತು. ಮನಿಲಾದಲ್ಲಿ ಆಗ ಬಲೆಯ ಒಂದೊಂದು ಬದಿಗೂ 16 ಆಟಗಾರರು! ಆಟವನ್ನು ಫಿಲಿಪೀನ್ಸ್‌ಗೆ ತಂದ, ಕ್ರೈಸ್ತ ಯುವಜನ ಸಂಸ್ಥೆ ವೈಎಂಸಿಎಯ ಎಲ್‌ವುಡ್ ಬ್ರೌನ್ ಅವರಿಗೆ ಆದಷ್ಟೂ ಹೆಚ್ಚು ಜನ ಆಡಬೇಕೆಂಬ ಹಂಬಲ. ಯಾರನ್ನೂ ಅಂಗಳದ ಹೊರಗೆ ನಿಲ್ಲಿಸದ ಆ ಮನಸ್ಸು ನನಗೆ ತುಂಬಾ ಇಷ್ಟ. ಪದಕದ ಲೆಕ್ಕಾಚಾರದಲ್ಲಿ ಅದನ್ನು ನಾವು ಬೇಗ ಮರೆಯುತ್ತೇವೆ.

ಮುಂದೆ ತಂಡ ಕಿರಿದಾಗುತ್ತಾ ಏಷ್ಯಾದಲ್ಲಿ 9ಕ್ಕೆ ಇಳಿಯಿತು. 1958ರ ಟೋಕಿಯೊ ಏಷ್ಯನ್ ಕ್ರೀಡಾಕೂಟದಲ್ಲಿ 9 ಮಂದಿಯ ಆಟ, 6 ಮಂದಿಯ ಆಟ ಎರಡೂ ನಡೆದವು. ಆರರ ಆಟದಲ್ಲಿ ನಮ್ಮವರು ಕಂಚು ಗೆದ್ದರು, ನಾಲ್ಕು ವರ್ಷದ ಬಳಿಕ ಜಕಾರ್ತದಲ್ಲಿ ಬೆಳ್ಳಿ.